ಕಾರವಾರದ ಉಪ್ಪುಗಾಳಿಯಲ್ಲಿ ಫ್ಯಾನ್ ಇಲ್ಲದ ಹೋಂ ಥಿಯೇಟರ್ ಪಿಸಿ: ನನ್ನ ಅನುಭವ

ಟಿವಿಗೆ ಜೋಡಿಸಿ ಸಿನಿಮಾ ನೋಡಲು ಕಟ್ಟಿದ ಕಂಪ್ಯೂಟರ್ ಇದು. ಎರಡು ಮಳೆಗಾಲ ದಾಟಿತು, ಪಿಸಿ ಇನ್ನೂ ಓಡುತ್ತಿದೆ. ರಿಪೇರಿ ಅಂತ ಒಮ್ಮೆಯೂ ಬಿಚ್ಚಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಶುರು ಮಾಡಿದಾಗ ಇದು ಆಗುವ ಕೆಲಸ ಅಂತ ಹೇಳಿದವರು ಯಾರೂ ಇರಲಿಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ 4ಕೆ ಓಡುವುದಿಲ್ಲ, ಸುಮ್ನೆ ದುಡ್ಡು ಹಾಳು ಅಂದರು ಹುಬ್ಬಳ್ಳಿಯ ಭಾವ. ಇಲ್ಲಿ ರಿಪೇರಿ ಮಾಡುವ ಹುಡುಗ ಇನ್ನೂ ಜೋರು: "ಫ್ಯಾನೂ ಇಲ್ಲ, ತೂತೂ ಇಲ್ಲ. ಅದು ಪಿಸಿ ಅಲ್ಲ ಸರ್, ಒಲೆ ಆಗ್ತದೆ."

ಪಿಸಿ ಕಟ್ಟುವ ವಿಡಿಯೊಗಳೆಲ್ಲ ಪ್ರೊಸೆಸರ್‌ನಿಂದ ಶುರುವಾಗುತ್ತವೆ. ನಮ್ಮ ಕರಾವಳಿಗೆ ಆ ಕ್ರಮ ಆಗಿಬರುವುದಿಲ್ಲ. ಇಲ್ಲಿ ಮೊದಲು ಪೆಟ್ಟಿಗೆ, ಆಮೇಲೆ ಕರೆಂಟ್, ಕೊನೆಗೆ ಚಿಪ್. ಇದನ್ನು ಕಲಿಯಲು ನನಗೆ ಜಾಸ್ತಿಯೇ ಖರ್ಚಾಯಿತು.

ಮೊದಲಿನ ಮಷೀನ್ ಮಾಮೂಲಿ ಕ್ಯಾಬಿನೆಟ್, ಮೂರು ಫ್ಯಾನ್, ನಡುಮಟ್ಟದ ಗ್ರಾಫಿಕ್ಸ್ ಕಾರ್ಡ್. ಎಲ್ಲ ಸೇರಿ 65,000 ರೂಪಾಯಿ ಹತ್ತಿರ ಹೋಗಿತ್ತು. ನಮ್ಮ ಮನೆಯಿಂದ ಸಮುದ್ರ ದೂರವೇನಿಲ್ಲ, ಸಂಜೆ ಗಾಳಿ ನೇರ ಹಾಲ್‌ಗೇ ಬರುತ್ತದೆ. ಎರಡನೇ ಮಳೆಗಾಲಕ್ಕೆ ಹಿಂದಿನ ಪ್ಲೇಟ್ ಕಂದು ಬಣ್ಣಕ್ಕೆ ತಿರುಗಿತು, ಸ್ಕ್ರೂ ತಿರುಗಿಸಿದರೆ ತಲೆಯೇ ಕಿತ್ತು ಬರುತ್ತಿತ್ತು. ಮುಂದಿನ ಫ್ಯಾನ್ ಬಿಚ್ಚಿ ನೋಡಿದೆ. ರೆಕ್ಕೆಗಳ ಮೇಲೆ ಧೂಳು ಇರಲಿಲ್ಲ, ಬೆರಳಿಗೆ ಅಂಟುವ ಬೂದು ಕೆಸರು ಇತ್ತು. ಕಾರಣ ಸರಳ. ಧೂಳಿನ ಜೊತೆ ಉಪ್ಪೂ ಒಳಗೆ ಬರುತ್ತದೆ, ಆ ಉಪ್ಪು ಮಳೆಗಾಲದ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ, ಆಗ ಅದೇ ಧೂಳು ಕರೆಂಟ್ ಹರಿಸುವ ಪದರ ಆಗುತ್ತದೆ. ಫ್ಯಾನ್ ಜಾಸ್ತಿ ಇದ್ದಷ್ಟೂ ಉಪ್ಪು ಜಾಸ್ತಿ ಒಳಗೆ. ರ‍್ಯಾಮ್ ತೆಗೆದು ಕಾಲುಗಳನ್ನು ರಬ್ಬರಿನಲ್ಲಿ ಉಜ್ಜಿ ಹಾಕಿದರೆ ಕೆಲವು ವಾರ ನಡೆಯುತ್ತಿತ್ತು, ಮತ್ತೆ ಅದೇ ಕಪ್ಪು ಪರದೆ. ಕೊನೆಗೆ ಒಂದು ಜುಲೈ ರಾತ್ರಿ ಪವರ್ ಸಪ್ಲೈ ಢಂ ಅಂತು. ವಾರಂಟಿಗೆ ಕಳಿಸಿದರೆ "ತುಕ್ಕು ಹಿಡಿದಿದೆ, ಕೊಡಲು ಬರುವುದಿಲ್ಲ" ಅಂತ ವಾಪಸ್ ಬಂತು. ಕಂಪನಿ ಹೆಸರು ಬೇಡ ಬಿಡಿ.

ಆಮೇಲೆ ಬೆಂಗಳೂರಿನ ಎಸ್‌.ಪಿ. ರೋಡಿನಿಂದ ಸೆಕೆಂಡ್ ಹ್ಯಾಂಡ್ ಆಫೀಸ್ ಮಿನಿ ಪಿಸಿ ತರಿಸಿದೆ, 7,500 ಇರಬೇಕು. ಇಂಟೆಲ್ 6ನೇ ತಲೆಮಾರು. 1080ಪಿ ಎಲ್ಲ ಚೆನ್ನಾಗಿ ಓಡಿತು, ಆದರೆ 10 ಬಿಟ್ ಎಚ್‌ಇವಿಸಿ (4ಕೆ ಸಿನಿಮಾ ಫೈಲನ್ನು ಕುಗ್ಗಿಸಿಡುವ ಒಂದು ವಿಧಾನ) 4ಕೆ ಹಾಕಿದರೆ ಎಳೆದೆಳೆದು ಓಡುತ್ತದೆ. ಆ ಚಿಪ್‌ನಲ್ಲಿ 10 ಬಿಟ್‌ಗೆ ಪೂರ್ತಿ ಹಾರ್ಡ್‌ವೇರ್ ಡಿಕೋಡ್ (ಕುಗ್ಗಿಸಿದ ವಿಡಿಯೊ ಬಿಡಿಸಲೆಂದೇ ಚಿಪ್‌ನಲ್ಲಿರುವ ಭಾಗ) ಇಲ್ಲ, ಅದು ಬಂದದ್ದೇ 7ನೇ ತಲೆಮಾರಿನಿಂದ. ಸರಿ, 7ನೇ ತಲೆಮಾರಿನದೂ ಒಂದು ಬಂತು, 11,000. ಡಿಕೋಡ್ ಬೆಣ್ಣೆ. ಆದರೆ ಹಿಂದಿನ ಪೋರ್ಟ್ ಎಚ್‌ಡಿಎಂಐ 1.4. 4ಕೆ ಅಂದರೆ 30 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 30 ಚಿತ್ರಕ್ಕೆ ನಿಂತಿತು, ಎಚ್‌ಡಿಆರ್ (ಬೆಳಕು, ಬಣ್ಣ ಹೆಚ್ಚು ತೋರಿಸುವ ವಿಧಾನ) ಇಲ್ಲವೇ ಇಲ್ಲ. ಜೊತೆಗೆ ಒಳಗಿನ ಪುಟ್ಟ ಫ್ಯಾನ್ ಸಿನಿಮಾದ ಮೌನದ ದೃಶ್ಯದಲ್ಲೇ ಕಿರ್ರ್ ಅನ್ನುವುದು. ಎರಡನ್ನೂ ಮಾರಿದೆ, 4,000 ಕೈಬಿಟ್ಟಿತು. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಎಷ್ಟನೇ ತಲೆಮಾರು ಅಂತ ಕೇಳಿ ಸುಮ್ಮನಾಗಬೇಡಿ, ಪೋರ್ಟ್ ಯಾವ ಎಚ್‌ಡಿಎಂಐ ಅಂತಲೂ ಕೇಳಿ.

ಕೊನೆಗೆ ನಾನು ಹಿಡಿದದ್ದು ಇಂಟೆಲ್ ಎನ್‌100 ಚಿಪ್, ಅದು ಬಂದದ್ದು 2023ರಲ್ಲಿ. ನಾಲ್ಕು ಕೋರ್, 6 ವ್ಯಾಟ್. ಎಚ್‌ಇವಿಸಿ 10 ಬಿಟ್, ವಿಪಿ9, ಎವಿ1 ಈ ಮೂರೂ ಬಗೆಯ ವಿಡಿಯೊವನ್ನು ಹಾರ್ಡ್‌ವೇರ್‌ನಲ್ಲೇ ಬಿಡಿಸುತ್ತದೆ. ಸಿನಿಮಾ ನೋಡಲು ಇದಕ್ಕಿಂತ ದೊಡ್ಡ ಚಿಪ್ ಬೇಕು ಅನ್ನುವವರ ಮಾತು ನಾನು ಈಗ ಕೇಳುವುದೇ ಇಲ್ಲ. ಬೋರ್ಡ್ ಆರಿಸುವಾಗ ನಾನು ನೋಡಿದ್ದು ಒಂದೇ ವಿಷಯ, ಕರೆಂಟ್ ಹೇಗೆ ತಗೊಳ್ಳುತ್ತದೆ ಅಂತ. ಆಸ್‌ರಾಕ್‌ನ ಎನ್‌100ಡಿಸಿ-ಐಟಿಎಕ್ಸ್ ಬೋರ್ಡಿಗೆ 19 ವೋಲ್ಟ್‌ನ ಅಡಾಪ್ಟರ್ ಸಾಕು, ಒಳಗೆ ಪವರ್ ಸಪ್ಲೈ ಬೇಡ. ಚಿಪ್‌ನ ಬಿಸಿ ಎಳೆಯುವ ಲೋಹದ ಹೀಟ್‌ಸಿಂಕ್ ಬೋರ್ಡ್ ಮೇಲೇ ಇದೆ, ಫ್ಯಾನ್ ಇಲ್ಲ. ಡೆಸ್ಕ್‌ಟಾಪ್ ಅಳತೆಯ ಡಿಡಿಆರ್4 ಒಂದೇ ಸ್ಲಾಟ್, ಹಳೇ ಮಷೀನ್‌ನ 8 ಜಿಬಿ ಕಡ್ಡಿ ಹಾಗೇ ಕೂತಿತು. 19 ವೋಲ್ಟ್ ಲ್ಯಾಪ್‌ಟಾಪ್ ಚಾರ್ಜರ್ ಕಾರವಾರದಲ್ಲೇ ಸಿಗುತ್ತದೆ, ರಾತ್ರಿ ಕೆಟ್ಟರೆ ಬೆಳಿಗ್ಗೆ ಹೋಗಿ ತರಬಹುದು. ಇದು ಸಣ್ಣ ವಿಷಯ ಅಲ್ಲ, ಒಂದು ಬಿಡಿಭಾಗಕ್ಕೆ ವಾರಗಟ್ಟಲೆ ಕಾದವರಿಗೆ ಗೊತ್ತು. ಪಿನ್ ಅಳತೆ ಮಾತ್ರ ಹೊಂದಿಸಿಕೊಳ್ಳಿ.

ಇದಕ್ಕೂ ಮುಂಚೆ ಇನ್ವರ್ಟರ್ ಬ್ಯಾಟರಿಯಿಂದಲೇ ನೇರ 12 ವೋಲ್ಟ್ ಎಳೆದು ಓಡಿಸುವ ಪ್ರಯೋಗವೂ ಆಗಿದೆ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲು ಬರುವುದಿಲ್ಲ, ಹಾಗಾಗಿ ಆಸೆ ಸಹಜ. ಮಾಮೂಲಿ ಬೋರ್ಡ್‌ಗೆ ಕರೆಂಟ್ ಕೊಡುವ 24 ಪಿನ್ ಸಾಕೆಟ್‌ಗೆ ಚುಚ್ಚುವ ಪುಟ್ಟ ಡಿಸಿ ಬೋರ್ಡ್ ತಂದು ಮಲ್ಟಿಮೀಟರ್ ಹಿಡಿದು ನೋಡಿದೆ. ಈ ಅಗ್ಗದ ಬೋರ್ಡುಗಳಲ್ಲಿ 12 ವೋಲ್ಟ್ ಲೈನ್ ಒಳಗೆ ಬಂದದ್ದು ಹಾಗೇ ಹೊರಗೆ ಹೋಗುತ್ತದೆ. ಚಾರ್ಜ್ ಆಗುವಾಗ ಬ್ಯಾಟರಿ 14.4ರವರೆಗೆ ಏರುತ್ತದೆ, ಆ 14.4 ನೇರ ಹಾರ್ಡ್ ಡಿಸ್ಕ್ ಮೋಟಾರಿಗೆ. ಡಿಸ್ಕ್ ಸಿಕ್ಕಿಸುವ ಮೊದಲೇ ಮೀಟರ್ ಹಿಡಿದಿದ್ದರಿಂದ ಉಳಿಯಿತು. ಒಳಬರುವ ವೋಲ್ಟ್ ಏರಿಳಿದರೂ ತಡೆಯುವ ಬೋರ್ಡ್‌ಗಳೂ ಇವೆ, ಅವಕ್ಕೆ ಮೂರು ಪಟ್ಟು ರೇಟು. ಈಗ ಇನ್ವರ್ಟರನ್ನು ಯುಪಿಎಸ್ ಮೋಡ್‌ಗೆ (ಕರೆಂಟ್ ಹೋದರೆ ಬೇಗ ಬ್ಯಾಟರಿಗೆ ಬದಲಾಗುವ ಹಾಗೆ) ಇಟ್ಟು 65 ವ್ಯಾಟ್‌ನ ಚಾರ್ಜರ್ ಹಾಕಿದ್ದೇನೆ. ಪಿಸಿ ಎಳೆಯುವುದೇ ಕಡಿಮೆ, ಸಿನಿಮಾ ಓಡುವಾಗ ಡಿಸ್ಕ್ ಸೇರಿ 20 ವ್ಯಾಟ್ ಆಸುಪಾಸು. ಕರೆಂಟ್ ಹೋಗಿ ಇನ್ವರ್ಟರ್ ಎದ್ದೇಳುವ ಆ ಕ್ಷಣವನ್ನು ಚಾರ್ಜರ್‌ನ ಕೆಪಾಸಿಟರಿನಲ್ಲಿ ಉಳಿದ ಚಾರ್ಜೇ ದಾಟಿಸಿಬಿಡುತ್ತದೆ. ಚಿತ್ರ ಅಲುಗುವುದೂ ಇಲ್ಲ.

ಇನ್ನು ಪೆಟ್ಟಿಗೆ. ನನ್ನ ಇಡೀ ಕೆಲಸದಲ್ಲಿ ನನಗೆ ಹೆಮ್ಮೆ ಇರುವುದು ಇದರ ಮೇಲೆಯೇ. ಅಂಗಡಿಯ ಸ್ಟೀಲ್ ಕ್ಯಾಬಿನೆಟ್ ಬೇಡ ಅಂತ ಗಟ್ಟಿ ಮಾಡಿಕೊಂಡು ಅಲ್ಯೂಮಿನಿಯಂ ಕಿಟಕಿ ಮಾಡುವವರ ಹತ್ತಿರ ಹೋದೆ. ಸ್ಲೈಡಿಂಗ್ ಕಿಟಕಿಯ ಉಳಿದ ಸೆಕ್ಷನ್ ಚೌಕಟ್ಟಿಗೆ, 4 ಮಿ.ಮೀ. ಶೀಟು ಮುಚ್ಚಳಕ್ಕೆ. ಹೀಟ್‌ಸಿಂಕ್‌ಗೂ ಮುಚ್ಚಳಕ್ಕೂ ನಡುವೆ ಒಂದು ಅಲ್ಯೂಮಿನಿಯಂ ಗಟ್ಟಿ, ಎರಡೂ ಕಡೆ ಥರ್ಮಲ್ ಪ್ಯಾಡ್. ಹೀಗೆ ಇಡೀ ಮುಚ್ಚಳವೇ ಬಿಸಿ ಹೊರಹಾಕುತ್ತದೆ. ಆ ಗಟ್ಟಿಯ ಎತ್ತರ ಬೋರ್ಡ್ ಬಗ್ಗದ ಹಾಗೆ ಹೇಗೆ ಕೂರಿಸಿದೆ ಅನ್ನುವುದು ನನ್ನ ಕೈಚಳಕ, ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಕೇಬಲ್ ಹೋಗುವ ಕಡೆ ರಬ್ಬರ್ ಬುಷ್, ಒಳಗೆ ಸಿಲಿಕಾ ಜೆಲ್.

ಮೊದಲ ಪೆಟ್ಟಿಗೆಗೆ ತುಕ್ಕು ಹಿಡಿಯದಿರಲಿ ಅಂತ ಸ್ಟೇನ್‌ಲೆಸ್ ಸ್ಕ್ರೂ ಹಾಕಿದ್ದೆವು. ಸ್ಕ್ರೂಗೆ ಏನೂ ಆಗಲಿಲ್ಲ, ಅದರ ಸುತ್ತಲಿನ ಅಲ್ಯೂಮಿನಿಯಂ ಬಿಳಿ ಪುಡಿ ಬಿಡತೊಡಗಿತು. ಎರಡು ಬೇರೆ ಲೋಹ ತಾಗಿ, ನಡುವೆ ಉಪ್ಪು ನೀರು ಬಂದರೆ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ನೈಲಾನ್ ವಾಷರ್ ಹಾಕಿದ ಮೇಲೆ ನಿಂತಿತು, ಹತ್ತು ರೂಪಾಯಿಯ ವಸ್ತು. ಎಚ್‌ಡಿಎಂಐ, ಲ್ಯಾನ್ ಕನೆಕ್ಟರ್‌ಗಳಿಗೆ ನಾನು ಏನು ಹಚ್ಚುತ್ತೇನೆ ಅಂತ ಬಹಳ ಜನ ಕೇಳಿದ್ದಾರೆ. ಇನ್ನೊಂದು ಮಳೆಗಾಲ ಕಳೆಯಲಿ, ಆಮೇಲೆ ಹೇಳುತ್ತೇನೆ.

ಬಿಸಿಯ ಲೆಕ್ಕ ಕೇಳುವವರಿಗೆ: ಮೇ ತಿಂಗಳಲ್ಲಿ ಹಾಲ್‌ನಲ್ಲಿ 33 ಡಿಗ್ರಿ ಇರುವಾಗ 4ಕೆ ಓಡಿಸಿದರೆ ಚಿಪ್ 65ರಿಂದ 70. ಅದರ ಮಿತಿ 105. ಮುಚ್ಚಳ ಮುಟ್ಟಿದರೆ ಬೆಚ್ಚಗೆ, ಅಷ್ಟೇ. ರಿಪೇರಿ ಹುಡುಗ ಬಂದು ಕೈ ಇಟ್ಟು ನೋಡಿ ಹೋದ, ಈಗ ಅವನಿಗೂ ಇಂಥದ್ದೇ ಒಂದು ಬೇಕಂತೆ.

ಇನ್ನೊಂದು ಮುಖ್ಯ ವಿಷಯ. ಜೂನ್‌ನಿಂದ ಅಕ್ಟೋಬರ್‌ವರೆಗೆ ನಾನು ಪಿಸಿ ಆಫ್ ಮಾಡುವುದೇ ಇಲ್ಲ. ವರ್ಷಕ್ಕೆ 3,000 ಮಿ.ಮೀ. ಹತ್ತಿರ ಮಳೆ ಸುರಿಯುವ ಊರಲ್ಲಿ ತಣ್ಣಗಿನ ಬೋರ್ಡ್ ಅಂದರೆ ತೇವ ಕೂರುವ ಜಾಗ. ಒಳಗೆ ಹೊರಗಿಗಿಂತ ಏಳೆಂಟು ಡಿಗ್ರಿ ಬೆಚ್ಚಗಿದ್ದರೆ ತೇವ ಕೂರುವುದಿಲ್ಲ. ಸುಮ್ಮನಿದ್ದಾಗ 10 ವ್ಯಾಟ್, ಅಂದರೆ ತಿಂಗಳಿಗೆ 7 ಯೂನಿಟ್ ಚಿಲ್ಲರೆ. ಬಿಲ್‌ನಲ್ಲಿ ಐವತ್ತು ರೂಪಾಯಿಯ ಆಸುಪಾಸು. ಹಳೇ ಮಷೀನ್ ಅನ್ನು ಹೀಗೆ ಆನ್ ಇಡಲು ಸಾಧ್ಯವಿತ್ತಾ? ಗುಡುಗು ಸಿಡಿಲು ಜೋರಾದಾಗ ಮಾತ್ರ ಪ್ಲಗ್ ಕೀಳುತ್ತೇನೆ. ತಾಮ್ರದ ಕೇಬಲ್ ಇಂಟರ್ನೆಟ್ ಇದ್ದ ಕಾಲದಲ್ಲಿ ಸಿಡಿಲಿಗೆ ಲ್ಯಾನ್ ಪೋರ್ಟ್ ಸುಟ್ಟಿತ್ತು, ಫೈಬರ್ ಬಂದ ಮೇಲೆ ಆ ದಾರಿ ಮುಚ್ಚಿತು.

ಹಾರ್ಡ್ ಡಿಸ್ಕ್ ಹೀಲಿಯಂ ತುಂಬಿ ಸೀಲ್ ಮಾಡಿದ್ದನ್ನೇ ಹುಡುಕಿ ತಗೊಂಡೆ. ಮಾಮೂಲಿ ಡಿಸ್ಕ್‌ಗೆ ಗಾಳಿ ಆಡಲು ಸಣ್ಣ ತೂತು ಇರುತ್ತದೆ, ನಮ್ಮ ಗಾಳಿ ಗೊತ್ತಲ್ಲ. ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ವೈಫೈ ಸಿಗ್ನಲ್ ಸತ್ತುಹೋಗುತ್ತದೆ, ಹಾಗಾಗಿ ಲ್ಯಾನ್ ವೈರ್. ರಿಮೋಟ್‌ನ ಐಆರ್ ರಿಸೀವರ್ ಕೂಡ ಯುಎಸ್‌ಬಿ ವೈರ್ ಎಳೆದು ಹೊರಗೆ ಇಟ್ಟಿದ್ದೇನೆ.

ಸಾಫ್ಟ್‌ವೇರ್ ಲಿಬ್ರೆಇಲೆಕ್ (ವಿಂಡೋಸ್ ಬದಲಿಗೆ ಹಾಕುವ ಪುಟ್ಟ ಲಿನಕ್ಸ್), ಅದರಲ್ಲಿ ಸಿನಿಮಾ ಓಡಿಸುವ ಕೋಡಿ. ಸಿನಿಮಾ ಸೆಕೆಂಡಿಗೆ 23.976 ಫ್ರೇಮ್ ಇದ್ದರೆ ಅದಕ್ಕೆ ಟಿವಿ ತಾನೇ ಬದಲಾಗುವ ಹಾಗೆ ಮಾಡಿ, ಇದನ್ನು ಬಿಟ್ಟರೆ ಎಷ್ಟು ಖರ್ಚು ಮಾಡಿದರೂ ಕ್ಯಾಮೆರಾ ಅಡ್ಡ ಚಲಿಸುವಾಗ ಚಿತ್ರ ಕುಕ್ಕುತ್ತದೆ. ಎಚ್‌ಡಿಎಂಐ ಮೊದಲು ಸ್ಪೀಕರ್ ಓಡಿಸುವ ಎವಿ ರಿಸೀವರ್‌ಗೆ, ಅಲ್ಲಿಂದ ಟಿವಿಗೆ. ಟಿವಿಯ ಮಾಮೂಲಿ ಎಆರ್‌ಸಿಯಲ್ಲಿ (ಟಿವಿಯಿಂದ ರಿಸೀವರ್‌ಗೆ ಧ್ವನಿ ವಾಪಸ್ ಕಳಿಸುವ ದಾರಿ) ಗುಣಮಟ್ಟ ಕಳೆಯದ ಡಾಲ್ಬಿ ಟ್ರೂಎಚ್‌ಡಿ ಧ್ವನಿ ಬರುವುದಿಲ್ಲ. ಡಾಲ್ಬಿ ವಿಷನ್ (ಎಚ್‌ಡಿಆರ್‌ನ ಒಂದು ಬಗೆ) ಬೇಕೇ ಬೇಕು ಅನ್ನುವವರಿಗೆ ಈ ದಾರಿ ಅಲ್ಲ. ಒಟಿಟಿಗೂ ಅಲ್ಲ, ಅದಕ್ಕೆ ಟಿವಿಗೆ ಬೇರೆ ಸ್ಟಿಕ್ ಇದೆ.

ಈ ನಡುವೆ ನಾನು ಜಾಸ್ತಿ ಹೊತ್ತು ಕಳೆದದ್ದು ಯಕ್ಷಗಾನದ ಹಳೇ ಮಿನಿ ಡಿವಿ (ವಿಡಿಯೊ ಕ್ಯಾಮೆರಾದ ಪುಟ್ಟ ಕ್ಯಾಸೆಟ್) ಟೇಪ್‌ಗಳ ಜೊತೆ. ನಮ್ಮ ದೊಡ್ಡಪ್ಪ ಹೊನ್ನಾವರ, ಕುಮಟಾ ಕಡೆಯ ಆಟಗಳನ್ನು ರಾತ್ರಿಯಿಡೀ ಕೂತು ತೆಗೆದವು. ಕ್ಯಾಮೆರಾದಿಂದ ಫೈರ್‌ವೈರ್ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಇಳಿಸಿದರೆ ಗಂಟೆಗೆ 13 ಜಿಬಿ, ಒಂದು ರಾತ್ರಿಗೆ 100 ದಾಟುತ್ತದೆ. ಮೊದಲು ಹಾಕಿದಾಗ ಮಂಡಿ ಕುಣಿತದಲ್ಲಿ ಕಲಾವಿದರ ಸೆರಗು, ಕಿರೀಟದ ಅಂಚು ಎಲ್ಲ ಗೆರೆ ಗೆರೆ. ಇದು ಇಂಟರ್‌ಲೇಸ್ ವಿಡಿಯೊ, ಒಂದು ಬಿಟ್ಟು ಒಂದು ಗೆರೆಯ ಅರ್ಧ ಚಿತ್ರಗಳು (ಫೀಲ್ಡ್) ಸೆಕೆಂಡಿಗೆ 50. ಡಿವಿಯಲ್ಲಿ ಕೆಳಗಿನ ಫೀಲ್ಡ್ ಮೊದಲು ಬರುತ್ತದೆ. ಫೈಲ್ ಪರಿವರ್ತಿಸುವಾಗ ಆ ಕ್ರಮ ತಪ್ಪಿದರೆ ಕುಣಿತ ಮುಂದೆ ಹಿಂದೆ ನಡುಗುತ್ತದೆ. ನಾನು ಪರಿವರ್ತಿಸುವುದನ್ನೇ ಬಿಟ್ಟು ಮೂಲ ಫೈಲ್ ಇಟ್ಟುಕೊಂಡೆ, ಓಡಿಸುವಾಗ 50 ಫ್ರೇಮ್‌ಗೆ ಬಿಡಿಸಿ, ಟಿವಿ 50 ಹರ್ಟ್ಸ್‌ಗೆ ತಿರುಗಿಸಿದೆ. ಚೆಂಡೆಯ ಏರಿಗೆ ಸರಿಯಾಗಿ ಪ್ರತಿ ಸುತ್ತೂ ನಯವಾಗಿ ಬಂತು. ಪಕ್ಕದ ಮನೆಯ ಅಜ್ಜ ಬಂದು ಬೆಳಗಿನ ಜಾವದವರೆಗೆ ನೋಡಿದರು. ಎಷ್ಟೋ ಜನರ ಮನೆಯಲ್ಲಿ ಇಂಥ ಟೇಪ್‌ಗಳು ಬೂಸರು ಹಿಡಿಯುತ್ತಿವೆ, ದಯವಿಟ್ಟು ಇಳಿಸಿಕೊಳ್ಳಿ.

ದುಡ್ಡಿನ ಲೆಕ್ಕ, ನೆನಪಿದ್ದಷ್ಟು. ಬೋರ್ಡ್ 11,500 ಹತ್ತಿರ. ಎಸ್‌ಎಸ್‌ಡಿ 1,800. ಪೆಟ್ಟಿಗೆ ಮಜೂರಿ ಸೇರಿ 3,500, ಮೊದಲ ಪೆಟ್ಟಿಗೆಯ ಖರ್ಚು ಬೇರೆ. ಚಾರ್ಜರ್ 900. ರಿಮೋಟ್ ರಿಸೀವರ್ 2,500. 20,000 ಅನ್ನಿ. ಡಿಸ್ಕ್ ಒಂದೇ 16,000, ಅದೂ ಬಳಸಿದ ಮಾಲು. ಒಟ್ಟು 36,000 ಆಗಿರಬೇಕು, ಹಳೇ ಮಷೀನ್‌ನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಡಿಸ್ಕ್ ಚಿಕ್ಕದು ಸಾಕು ಅನ್ನುವವರಿಗೆ ಇನ್ನೂ ಕಡಿಮೆ.

ಶಿರಸಿಯಲ್ಲಿರುವ ನನ್ನ ತಮ್ಮ ಈಗ ಇದೇ ಬೇಕು ಅಂತಿದ್ದಾನೆ. ಘಟ್ಟದ ಮೇಲೆ ಉಪ್ಪಿನ ಕಾಟ ಇಲ್ಲ, ಆದರೆ ತೇವ ನಮ್ಮಷ್ಟೇ. ಅವನಿಗೆ ಸ್ಟೀಲ್ ಕ್ಯಾಬಿನೆಟ್ ನಡೆಯುತ್ತದೆ, ಫ್ಯಾನ್ ಮಾತ್ರ ಅಲ್ಲೂ ಬೇಡ ಅಂದಿದ್ದೇನೆ. ಬೋರ್ಡ್ ತರಿಸಿ ಆಯಿತು, ಹಬ್ಬಕ್ಕೆ ಹೋದಾಗ ಕೂರಿಸಿ ಬರುತ್ತೇನೆ.