ವೀಗನ್ ಆಗ್ಬೇಕಾ? ಕಾಫಿಯಿಂದ ಮಾತ್ರ ಶುರು ಮಾಡ್ಬೇಡಿ

ಮೊದ್ಲಿಂದ್ಲೂ ಮಾಂಸ ಮೊಟ್ಟೆ ಮುಟ್ಟದ ಮನೆಯವ್ರಿಗೆ ವೀಗನ್ ಆಗೋದು (ಅಂದ್ರೆ ಹಾಲು, ತುಪ್ಪ, ಜೇನುತುಪ್ಪ ಸೇರಿ ಪ್ರಾಣಿಯಿಂದ ಬರೋದು ಯಾವ್ದನ್ನೂ ತಿನ್ನದೇ ಇರೋದು) ಸಲೀಸು ಅಂತ ಎಲ್ರೂ ಅಂದ್ಕೋತಾರೆ, ನಿಜ ಹೇಳ್ಬೇಕಂದ್ರೆ ಜಾಸ್ತಿ ಒದ್ದಾಡೋದು ಅವ್ರೇ. ಎದ್ದ ತಕ್ಷಣ ಹಾಲು ಹಾಕಿದ ಕಾಫಿ, ಸಾರನ್ನಕ್ಕೆ ತುಪ್ಪ, ಕೊನೆಗೆ ಮೊಸರನ್ನ ಇಲ್ದಿದ್ರೆ ಊಟ ಆಯ್ತು ಅಂತ ಅನ್ಸೋದೇ ಇಲ್ಲ. ಅದಕ್ಕೆ ಎಲ್ಲಾನೂ ಒಂದೇ ದಿನ ಬಿಡಕ್ಕೆ ಹೋಗ್ಬೇಡಿ, ಒಂದೊಂದಾಗಿ ಬಿಡಿ.

ಮೊದಲ ಕೆಲ್ಸ, ಏನೂ ಬದಲಾಯಿಸ್ದೆ ಒಂದು ವಾರ ಮನೇಲಿ ಏನೇನು ಮಾಡ್ತೀರೋ ಬರೆದಿಡಿ. ಅರ್ಧಕ್ಕರ್ಧ ಆಗ್ಲೇ ವೀಗನ್ ಆಗಿರುತ್ತೆ. ಇಡ್ಲಿ, ನೀರ್‌ದೋಸೆ, ಅಕ್ಕಿರೊಟ್ಟಿ, ಚಿತ್ರಾನ್ನ, ಪುಳಿಯೋಗರೆ, ಮುದ್ದೆ ಬಸ್ಸಾರು, ಹುರುಳಿ ಸಾರು, ಜೋಳದ ರೊಟ್ಟಿ ಜೊತೆ ಎಣ್ಣೆಗಾಯಿ ಮತ್ತೆ ಶೇಂಗಾ ಚಟ್ನಿ, ಇದ್ರಲ್ಲಿ ಹಾಲು ಎಲ್ಲಿದೆ ಹೇಳಿ? ಸೂಪರ್ ಮಾರ್ಕೆಟ್ಟಲ್ಲಿ ಸಿಗೋ ವೀಗನ್ ಚೀಸು, ಮಾಂಸದ ಥರಾ ಮಾಡಿರೋ ಪ್ಯಾಕೆಟ್ಟು ಇದ್ಯಾವ್ದೂ ಶುರುವಲ್ಲೇ ಬೇಡ, ದುಡ್ಡು ದಂಡ.

ಆಮೇಲೆ ತುಪ್ಪ. ಒಗ್ಗರಣೆಗೆ ಕಡ್ಲೇಕಾಯಿ ಎಣ್ಣೆನೋ ಕೊಬ್ರಿ ಎಣ್ಣೆನೋ ಹಾಕಿದ್ರೆ ಮುಗೀತು, ಬಿಸಿಬೇಳೆಬಾತ್‌ಗೆ ಮಾತ್ರ ಶುರುವಲ್ಲಿ ಏನೋ ಕಮ್ಮಿ ಆದಂಗೆ ಅನ್ಸುತ್ತೆ, ಗೋಡಂಬಿನ ಎಣ್ಣೇಲಿ ಚೆನ್ನಾಗಿ ಹುರಿದು ಹಾಕಿ. ಹೋಳಿಗೆಗೆ ಕಾಯಿಹಾಲು ಹಾಕ್ಕೊಂಡು ತಿನ್ನೋದು ಎಷ್ಟೋ ಮನೇಲಿ ಮೊದ್ಲಿಂದ್ಲೂ ಇದ್ದಿದ್ದೇ. ಹೆಸರುಬೇಳೆ ಪಾಯಸನೂ ಕಾಯಿಹಾಲು ಬೆಲ್ಲದಲ್ಲೇ ರುಚಿ. ಮೈಸೂರ್‌ಪಾಕ್ ಮಾತ್ರ ಎಣ್ಣೇಲಿ ಮಾಡಿದ್ರೆ ಬೇರೇನೋ ಆಗುತ್ತೆ, ಆ ಆಸೆ ಬಿಟ್ಬಿಡಿ.

ಮೊಸರಿಗೆ ಶೇಂಗಾ ಮೊಸರು ಮಾಡ್ಕೋಬೋದು, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಒಂದು ಕಪ್ ಹಸಿ ಶೇಂಗಾನ ರಾತ್ರಿ ನೆನೆಹಾಕಿ, ಬೆಳಿಗ್ಗೆ ಉಜ್ಜಿ ಸಿಪ್ಪೆ ತೆಗೀರಿ (ಸಿಪ್ಪೆ ಬಿಟ್ರೆ ಬಣ್ಣಾನೂ ಮಂಕು, ಸ್ವಲ್ಪ ಒಗರೂ ಬರುತ್ತೆ), ಮೂರು ಕಪ್ ನೀರು ಹಾಕಿ ನುಣ್ಣಗೆ ರುಬ್ಬಿ ಬಟ್ಟೇಲಿ ಸೋಸಿ. ಆ ಹಾಲನ್ನ ಸಣ್ಣ ಉರೀಲಿ ತಿರುವ್ತಾ ಹತ್ತು ನಿಮಿಷ ಕುದಿಸಿ, ತಿರುವೋದು ಬಿಟ್ರೆ ತಳ ಹಿಡಿಯುತ್ತೆ, ಉಕ್ಕೂ ಬರುತ್ತೆ. ಬೆರಳು ಇಟ್ರೆ ಉಗುರುಬೆಚ್ಚಗೆ ಅನ್ನಿಸೋವಷ್ಟು ಆರಿದ್ಮೇಲೆ ಏಳೆಂಟು ಹಸಿಮೆಣಸಿನಕಾಯಿ ತೊಟ್ಟು ತೊಳೆದು ಹಾಕಿ ಮುಚ್ಚಿಡಿ, ಹೆಪ್ಪು ಅದೇ, ಯಾಕಂದ್ರೆ ಹಾಲನ್ನ ಹುಳಿ ಮಾಡೋ ಬ್ಯಾಕ್ಟೀರಿಯಾ ಆ ತೊಟ್ಟಲ್ಲೂ ಇರುತ್ತೆ. ಹತ್ತು ಹನ್ನೆರಡು ಗಂಟೆ ಬೆಚ್ಚಗಿರೋ ಜಾಗದಲ್ಲಿ ಬಿಟ್ಟು ತೊಟ್ಟು ತೆಗೆದ್ಬಿಡಿ. ಮೊದಲ್ನೇ ಸಲ ತೆಳ್ಳಗೆ ಸಪ್ಪೆ ಬರುತ್ತೆ, ಬೇಜಾರ್ ಮಾಡ್ಕೋಬೇಡಿ, ಅದ್ರಲ್ಲೇ ಒಂದು ಚಮಚ ಎತ್ತಿಟ್ಟು ಮುಂದಿನ ಸಲಕ್ಕೆ ಹೆಪ್ಪು ಹಾಕಿ, ಆಗ ಗಟ್ಟಿ ಬರುತ್ತೆ. ಮಜ್ಜಿಗೆಹುಳಿಗೆ, ಒಗ್ಗರಣೆ ಹಾಕಿದ ಮೊಸರನ್ನಕ್ಕೆ ಚೆನ್ನಾಗೇ ಹೊಂದುತ್ತೆ, ಬರೀ ಮೊಸರು ಉಪ್ಪಿನಕಾಯಿ ತಿನ್ನೋರಿಗೆ ಶೇಂಗಾ ವಾಸನೆ ಗೊತ್ತಾಗೇ ಆಗುತ್ತೆ. ತಂಬುಳಿಗೆ ಇದೂ ಬೇಡ, ಕಾಯಿಹಾಲಿಗೆ ಪುನರ್ಪುಳಿ ರಸನೋ ನಿಂಬೆಹಣ್ಣೋ ಸಾಕು. ಸೋಸಿ ಉಳಿದಿದ್ದನ್ನ ಬಿಸಾಕ್ಬೇಡಿ, ರೊಟ್ಟಿ ಹಿಟ್ಟಿಗೆ ಕಲಸಿ.

ಇಷ್ಟಕ್ಕೆಲ್ಲಾ ನಾಲಿಗೆ ಒಗ್ಗಿದ್ಮೇಲೆ ಕಾಫಿಗೆ ಕೈ ಹಾಕಿ, ಮುಂಚೆ ಬೇಡ, ಬೆಳಿಗ್ಗೆ ಬೆಳಿಗ್ಗೆನೇ ಮೂಡು ಕೆಟ್ರೆ ಮಧ್ಯಾಹ್ನದೊಳಗೆ ವೀಗನ್ ಸಹವಾಸನೇ ಬೇಡ ಅನ್ಸುತ್ತೆ. ಸೋಯಾ ಹಾಲು ಕೊತಕೊತ ಕುದಿಯೋ ಡಿಕಾಕ್ಷನ್‌ಗೆ ಬಿದ್ರೆ ಒಡೆಯುತ್ತೆ, ಅದಕ್ಕೆ ಹಾಲನ್ನ ಮೊದ್ಲು ಬೆಚ್ಚಗೆ ಮಾಡಿ ಲೋಟಕ್ಕೆ ಹಾಕಿ ಆಮೇಲೆ ಡಿಕಾಕ್ಷನ್ನ ನಿಧಾನಕ್ಕೆ ಸುರೀರಿ. ಓಟ್ಸ್ ಹಾಲು ಅಷ್ಟು ತಕರಾರು ಮಾಡಲ್ಲ ಆದ್ರೆ ರೇಟು ಜಾಸ್ತಿ. ಕಾಯಿಹಾಲು ಹಾಕಿದ್ರೆ ಮೇಲೆ ಎಣ್ಣೆ ತೇಲುತ್ತೆ. ನನ್ನ ಕೇಳಿದ್ರೆ ಕೊಡಗಿನ ಕಡೆ ಕುಡಿಯೋ ಬೆಲ್ಲದ ಕಾಫಿನೇ ವಾಸಿ, ಹಾಲಿನ ಗೊಡವೆನೇ ಇಲ್ಲ.

ಹೊರಗಡೆ ತಿನ್ನೋವಾಗ ಕೇಳ್ದೆ ತಿನ್ಬೇಡಿ. ದರ್ಶಿನೀಲಿ ಇಡ್ಲಿ ವಡೆ ಸಾಮಾನ್ಯವಾಗಿ ಪರವಾಗಿಲ್ಲ, ಆದ್ರೆ ರವೆ ಇಡ್ಲೀಲಿ ಮೊಸರಿರುತ್ತೆ, ಕೇಸರಿಬಾತಲ್ಲಿ ತುಪ್ಪ, ಎಷ್ಟೋ ಕಡೆ ಖಾರಾಬಾತ್‌ಗೂ ತುಪ್ಪ ಬೀಳುತ್ತೆ, ದೋಸೆಗೆ ನೀವು ಹೇಳದಿದ್ರೂ ಬೆಣ್ಣೆ ಹಚ್ತಾರೆ. "ವೀಗನ್ ಇದ್ಯಾ" ಅಂತ ಕೇಳಿದ್ರೆ ಕೌಂಟರಲ್ಲಿರೋರು ಮುಖ ನೋಡ್ತಾರೆ, "ಅಣ್ಣ, ಹಾಲು ಮೊಸರು ತುಪ್ಪ ಬೆಣ್ಣೆ ಏನೂ ಇರಬಾರ್ದು, ಎಣ್ಣೇಲಿ ಹಾಕ್ಕೊಡಿ" ಅಂದ್ರೆ ಕೆಲ್ಸ ಆಗುತ್ತೆ. ಮದ್ವೆ ಮನೇಲಿ ಬಡಿಸೋರು ಎಲೆ ಹತ್ರ ಬರೋ ಮುಂಚೆನೇ ತುಪ್ಪಕ್ಕೆ ಕೈ ಅಡ್ಡ ಹಿಡೀರಿ. ದೊಡ್ಡಮ್ಮನೋ ಅತ್ತೆನೋ "ಒಂದೇ ಒಂದ್ ಚಮಚ ಕಣೋ, ಏನಾಗಲ್ಲ" ಅಂದಾಗ ಹಸು ಕರು ಅಂತ ಭಾಷಣ ಶುರು ಮಾಡ್ಬೇಡಿ, "ಇನ್ನೊಂದ್ಚೂರು ಪಲ್ಯ ಹಾಕಿ ದೊಡ್ಡಮ್ಮ" ಅಂದ್ಬಿಡಿ, ಹಾಕಿದ್ ಖುಷಿ ಅವ್ರಿಗೂ ಆಗುತ್ತೆ.

ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆ ನೋಡಿ ನಂಬ್ಕೋಬೇಡಿ, ಹಾಲಿನ ಪದಾರ್ಥಕ್ಕೂ ಅದೇ ಚುಕ್ಕೆ. ವೀಗನ್‌ಗೆ ಅಂತ ಎಫ್‌ಎಸ್‌ಎಸ್‌ಎಐ (ಆಹಾರದ ಗುಣಮಟ್ಟ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ) 2022ರಲ್ಲಿ ಬೇರೆ ನಿಯಮ ತಂದಿದೆ, ಹಸಿರು ಬಣ್ಣದ ಇಂಗ್ಲಿಷ್ 'ವಿ' ಅಕ್ಷರದ ಗುರುತು ಇರುತ್ತೆ. ಅದಿಲ್ದಿದ್ರೆ ಹಿಂದೆ ತಿರುಗಿಸಿ ಮಿಲ್ಕ್ ಸಾಲಿಡ್ಸ್, ವೇ, ಕೇಸೀನ್ (ಈ ಮೂರೂ ಹಾಲಿಂದ ಬರೋದು), ಜೇನುತುಪ್ಪ ಇದ್ಯಾ ಓದಿ.

ಕೊನೇದು ಆರೋಗ್ಯ, ಇದ್ರಲ್ಲಿ ಉಡಾಫೆ ಬೇಡ. ಪ್ರೋಟೀನಿಗೆ ಬೇಳೆ, ಹುರುಳಿ, ಕಡ್ಲೆ, ಸೋಯಾ ಇದೆ. ಕ್ಯಾಲ್ಶಿಯಂಗೆ ರಾಗಿ ಇದೆ, 100 ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ, ಎಳ್ಳಲ್ಲಿ ಇನ್ನೂ ಜಾಸ್ತಿ. ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ಬೇಕಂದ್ರೆ ಮೇಲೆ ನಿಂಬೆಹಣ್ಣು ಹಿಂಡಿ, ಊಟ ಆದ ತಕ್ಷಣ ಕಾಫಿ ಟೀ ಕುಡೀಬೇಡಿ. ಆದ್ರೆ ವಿಟಮಿನ್ ಬಿ12 ಮಾತ್ರ ಸೊಪ್ಪು ತರಕಾರೀಲೂ ಇಲ್ಲ, ಹುಳಿ ಬಂದ ಇಡ್ಲಿ ಹಿಟ್ಟನ್ನೂ ನೆಚ್ಚಿಕೊಳ್ಳೋ ಹಾಗಿಲ್ಲ, ಮಾತ್ರೆ ತಗೊಳ್ಳಲೇಬೇಕು. ಇನ್ನೊಂದು ವಿಷ್ಯ, ಸೊಪ್ಪಲ್ಲಿರೋ ಫೋಲೇಟ್ ಅನ್ನೋ ಇನ್ನೊಂದು ವಿಟಮಿನ್ ಜಾಸ್ತಿ ಆದ್ರೆ ಬಿ12 ಕಮ್ಮಿ ಆಗಿದ್ರೂ ರಕ್ತಹೀನತೆ ಕಾಣಿಸ್ದೇ ಇರಬೋದು, ಒಳಗೊಳಗೇ ನರಕ್ಕೆ ಪೆಟ್ಟಾಗ್ತಿರುತ್ತೆ, ಕೈಕಾಲು ಜೋಮು ಹಿಡಿಯೋಕೆ ಶುರು ಆದ್ಮೇಲೇ ಗೊತ್ತಾಗೋದು. ಅದಕ್ಕೆ ಶುರು ಮಾಡೋ ಮುಂಚೆ ಒಂದ್ಸಲ ರಕ್ತ ಪರೀಕ್ಷೆ ಮಾಡಿಸಿ, ಎಷ್ಟು ಪವರಿಂದು ತಗೋಬೇಕು ಅಂತ ಡಾಕ್ಟ್ರನ್ನ ಕೇಳಿ, ಮೆಡಿಕಲ್ ಶಾಪಲ್ಲಿ ಕ್ಯಾಪ್ಸೂಲ್ ಕೊಟ್ರೆ ಜೆಲಟಿನ್ ಇರಬೋದು ಅದು ಪ್ರಾಣಿಯಿಂದ ಬರೋದು, ಗುಳಿಗೆ ಥರದ್ದೇ ಕೊಡಿ ಅನ್ನಿ.