ವೆಂಕಟಪ್ಪ ಚಿತ್ರಶಾಲೆ: ಮೊದಲು ಚಿತ್ರ, ಆಮೇಲೆ ಕಲ್ಲು

ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಆ ಆವರಣಕ್ಕೆ ಹೋದವರು ಸಾಮಾನ್ಯವಾಗಿ ಮೊದಲು ಕೆಂಪು ಕಟ್ಟಡಕ್ಕೆ, ಅಂದರೆ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ನುಗ್ಗುತ್ತಾರೆ. ಕಲ್ಲು, ನಾಣ್ಯ, ಮಡಕೆ ಎಲ್ಲ ನೋಡಿ ಕಾಲು ಸೋತ ಮೇಲೆ ಪಕ್ಕದ ವೆಂಕಟಪ್ಪ ಚಿತ್ರಶಾಲೆಗೆ ಬಂದು ಹತ್ತು ನಿಮಿಷಕ್ಕೆ ಹೊರಬೀಳುತ್ತಾರೆ. ನಾನು ಉಲ್ಟಾ ಮಾಡುತ್ತೇನೆ. ಚಿತ್ರಕಾರ ವೆಂಕಟಪ್ಪನವರ ಜಲವರ್ಣಕ್ಕೆ ದಣಿಯದ ಕಣ್ಣು ಬೇಕು.

ಸೋಮವಾರ ರಜೆ. ದುರಸ್ತಿ ಇದ್ದರೆ ಬಾಗಿಲೇ ಹಾಕಿರುತ್ತಾರೆ, ಆದ್ದರಿಂದ ವಿಚಾರಿಸಿಕೊಂಡೇ ಹೊರಡಿ. ಕಬ್ಬನ್ ಪಾರ್ಕ್ ಮೆಟ್ರೋದಲ್ಲಿ ಇಳಿದರೆ ಕಾಲು ಗಂಟೆಯ ನಡಿಗೆ. ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ನಡೆಯುವವರಿಗೆ ಅದೇ ಒಳ್ಳೆಯ ದಿನ.

ಬಿಸಿಲಿನಿಂದ ಬಂದವರೇ ಚಿತ್ರದ ಮುಂದೆ ನಿಲ್ಲಬೇಡಿ. ಬೆಳಕು ಬಿದ್ದಷ್ಟೂ ಜಲವರ್ಣ ಮಾಸುತ್ತದೆ, ಒಮ್ಮೆ ಮಾಸಿದ್ದು ಮರಳುವುದಿಲ್ಲ. ಅದಕ್ಕೇ ಇಂಥ ಚಿತ್ರಗಳಿಗೆ ಮಂದ ಬೆಳಕು. ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಕೂತರೆ ಸಾಕು, ಆಗ ಬೂದುಬಣ್ಣ ಅನ್ನಿಸಿದ್ದು ನೀಲಿ, ನೇರಳೆ ಎಂದು ಬೇರೆಬೇರೆಯಾಗಿ ಕಾಣುತ್ತದೆ. ಇನ್ನೊಂದು ಕಾಟ ಗಾಜಿನದು. ಎದುರುಗಡೆ ಕಿಟಕಿಯಿದ್ದರೆ ಚಿತ್ರದ ಬದಲು ನಿಮ್ಮ ಬಿಳಿ ಅಂಗಿಯೇ ಕಾಣುತ್ತದೆ! ಗಾಢ ಬಣ್ಣದ ಬಟ್ಟೆ ಹಾಕಿ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಫ್ಲ್ಯಾಶ್ ಬೇಡ, ಟಿಪ್ಪಣಿಗೆ ಪೆನ್ನಿನ ಬದಲು ಪೆನ್ಸಿಲ್.

ಕೆ. ವೆಂಕಟಪ್ಪ (1886–1965) ಮೈಸೂರಿನಿಂದ ಕಲ್ಕತ್ತಕ್ಕೆ ಹೋಗಿ ಬಂಗಾಳ ಪಂಥದ ಚಿತ್ರಕಾರ ಅವನೀಂದ್ರನಾಥ ಠಾಕೂರರಲ್ಲಿ ಕಲಿತವರು. ಆ ಪಂಥದ ‘ವಾಶ್’ ಕ್ರಮದಲ್ಲಿ ಬಣ್ಣ ಹಚ್ಚಿ, ಒಣಗಿಸಿ, ಕಾಗದವನ್ನೇ ನೀರಿನಲ್ಲಿ ಅದ್ದಿ, ಮತ್ತೆ ಹಚ್ಚುತ್ತಾರೆ. ಸಡಿಲ ಬಣ್ಣ ತೊಳೆದುಹೋಗಿ, ಕಾಗದ ಹೀರಿಕೊಂಡದ್ದು ಮಾತ್ರ ಉಳಿಯುತ್ತದೆ. ಊಟಿಯ ದೃಶ್ಯಗಳ ಮುಂದೆ ಇದನ್ನು ನೆನಪಿಟ್ಟುಕೊಂಡು, ಬೆಟ್ಟದ ಅಂಚು ಎಲ್ಲಿ ಗೆರೆಯಾಗಿ ನಿಂತಿದೆ, ಎಲ್ಲಿ ಮಂಜಿನಲ್ಲಿ ಕರಗಿದೆ ಎಂದು ಹುಡುಕಿ. ಎರಡು ಮಾರು ದೂರದಿಂದ ಒಮ್ಮೆ, ಒಂದು ಗೇಣಿನಿಂದ ಒಮ್ಮೆ. ಗಾಜು ಮುಟ್ಟಬೇಡಿ. ನಾಲ್ಕೈದು ಚಿತ್ರಕ್ಕೇ ಒಂದು ಗಂಟೆ ಹಿಡಿದರೂ ನನ್ನ ಲೆಕ್ಕದಲ್ಲಿ ಅದು ಲಾಭವೇ.

ಅವರ ಪ್ಲಾಸ್ಟರ್ ಉಬ್ಬುಶಿಲ್ಪಗಳನ್ನು ಎದುರಿನಿಂದ ನೋಡಿದರೆ ಚಪ್ಪಟೆ. ಗೋಡೆಗೆ ಹತ್ತಿರ ನಿಂತು ಬದಿಯಿಂದ ನೋಡಿದರೆ ಮೂಗು, ಬಟ್ಟೆಯ ಮಡಿಕೆ, ಬೆರಳಿನ ಎತ್ತರ ನೆರಳಿನಲ್ಲಿ ಏಳುತ್ತವೆ.

ಇಷ್ಟಾದ ಮೇಲೆ ಕೆಂಪು ಕಟ್ಟಡ. ಅಲ್ಲಿ ಎಲ್ಲವನ್ನೂ ನೋಡುವ ಹಟ ನನಗಿಲ್ಲ, ನೇರ ಆತಕೂರು ಶಾಸನಕ್ಕೆ ಹೋಗುತ್ತೇನೆ. ಸುಮಾರು ಕ್ರಿ.ಶ. 949ರ ಕಲ್ಲು, ಮಂಡ್ಯ ಸೀಮೆಯದು. ಗಂಗರ ದೊರೆ ಬೂತುಗನಿಂದ ಅವನ ಯೋಧ ಮಣಲೇರ ಬಹುಮಾನವಾಗಿ ಪಡೆದ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಕಾದಿ ಸತ್ತ ಕಥೆ. ಅಕ್ಷರ ಓದಲು ಹೊರಟರೆ ಎರಡನೇ ಸಾಲಿಗೇ ಸುಸ್ತಾಗುತ್ತದೆ. ಮೊದಲು ಚಿತ್ರಪಟ್ಟಿಕೆ ನೋಡಿ. ನಾಯಿ, ಹಂದಿ ಎದುರುಬದುರು ನಿಂತಿವೆ. ಅದು ಕಣ್ಣಿಗೆ ಕೂತ ಮೇಲೆ ಬರಹದಲ್ಲಿ ‘ಕಾಳಿ’ ಎಂಬ ಎರಡಕ್ಷರ ಹುಡುಕಿ.