ರಾತ್ರಿ ಮೂರು ಗಂಟೆಯ ಭಯಕ್ಕೆ ನಾನು ಮಾಡಿದ್ದು

ನಮ್ಮ ಯಜಮಾನರ ಬಯಾಪ್ಸಿ ರಿಪೋರ್ಟಿಗೆ ಒಂಬತ್ತು ದಿನ ಕಾದೆವು. ದಿನಾ ರಾತ್ರಿ ಮೂರಕ್ಕೆ ನನಗೆ ಎಚ್ಚರ. ಫ್ಯಾನಿನ ಕಟಕಟ, ಎದೆಯ ಡವಡವ. ‘ನಂಬಿಕೆ ಇದ್ದವರು ಹೆದರಬಾರದು’ ಅಂತ ನಮ್ಮ ಚರ್ಚಿನ ಸಭೆಯಲ್ಲಿ ಒಬ್ಬರು ಅಂದಿದ್ದು ಇನ್ನೂ ಜಾಸ್ತಿ ಚುಚ್ಚಿತು.

ಮೊದಲು, ಭಯ ಇದೆ ಅಂತ ದೇವರ ಹತ್ತಿರ ಒಪ್ಪಿಕೊಳ್ಳಿ. ಬೈಬಲಿನ 56ನೇ ಕೀರ್ತನೆ ತೆಗೆಯಿರಿ. ಗತ್ ಊರಿನಲ್ಲಿ ಶತ್ರುಗಳಾದ ಫಿಲಿಷ್ಟಿಯರ ಕೈಗೆ ಸಿಕ್ಕಿಬಿದ್ದ ದಾವೀದನದು ಅದು. ಹೆದರಿಕೆ ಆದಾಗಲೇ ನಿನ್ನನ್ನು ನಂಬುತ್ತೇನೆ ಅನ್ನುತ್ತಾನೆ. ಹೆದರಿದ್ದನ್ನು ಮುಚ್ಚಿಡಲಿಲ್ಲ, ನೋಡಿ.

ಆಮೇಲೆ ಒಂದು ನೋಟ್‌ಬುಕ್ ತಗೊಳ್ಳಿ. ನನಗೆ ಸಿಕ್ಕಿದ್ದು ಮಗಳ ಹಳೇ ಗಣಿತದ್ದು. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ (4:6) ಯೇಸುವಿನ ಅಪೊಸ್ತಲನಾದ ಪೌಲ ಚಿಂತೆ ಬಿಡಿ ಅಂದು ಸುಮ್ಮನಾಗುವುದಿಲ್ಲ. ಬೇಕಾದ್ದನ್ನು ಕೇಳಿ, ಜೊತೆಗೆ ಕೃತಜ್ಞತೆಯನ್ನೂ ಹೇಳಿ ಅನ್ನುತ್ತಾನೆ. ಅದೂ ಸೆರೆಯಲ್ಲಿ ಕೂತು! ಹಾಗಾಗಿ ಎಡಗಡೆ ಭಯಗಳನ್ನು ಬಿಡಿಬಿಡಿಯಾಗಿ ಬರೆದೆ: ಆಪರೇಷನ್ನಿಗೆ ದುಡ್ಡು, ಮಗಳ ಪರೀಕ್ಷೆ, ನಾನು ಒಬ್ಬಳೇ ಆಗಿಬಿಟ್ಟರೆ. ಬಲಗಡೆ ಥ್ಯಾಂಕ್ಸ್. ಮೊದಲ ರಾತ್ರಿ ಹೊಳೆದಿದ್ದು ಒಂದೇ, ಪಕ್ಕದ ಮನೆ ಅಕ್ಕ ತಂದುಕೊಟ್ಟ ಗಂಜಿ.

ಎಡಗಡೆಯ ಸಾಲುಗಳಲ್ಲಿ ಇವತ್ತು ಮಾಡಬಹುದಾದ್ದರ ಕೆಳಗೆ ಗೆರೆ ಎಳೆಯಿರಿ. ನಾಳೆಯದು ನಾಳೆಗೆ ಅಂತ ಯೇಸು ಹೇಳಿದ್ದು ಮತ್ತಾಯ 6:34ರಲ್ಲಿದೆ. ನನಗೆ ಉಳಿದಿದ್ದು ಇನ್ಶೂರೆನ್ಸ್‌ನವರಿಗೆ ಒಂದು ಫೋನ್, ಅಷ್ಟೇ.

ವಾರಗಟ್ಟಲೆ ನಿದ್ದೆ ಬರದಿದ್ದರೆ ಪ್ರಾರ್ಥನೆಯ ಜೊತೆಗೆ ಡಾಕ್ಟರನ್ನೂ ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಪುಕ್ಕಟೆ ಫೋನ್ ಮಾಡಬಹುದು. ಅದು ನಂಬಿಕೆ ಕಮ್ಮಿ ಅಂತಲ್ಲ.

ರಿಪೋರ್ಟ್ ಬಂದ ದಿನವೂ ನನ್ನ ಕೈ ನಡುಗುತ್ತಿತ್ತು. ಲಕೋಟೆಯನ್ನು ಅವರೇ ಒಡೆದರು.